ಪೈಪ್ ಮುಚ್ಚಿದ್ದೇನೆ, ಆದರೂ ಸಾರ್ಟ್ ಕಾಯುತ್ತಲೇ ಇದೆ. ಯಾಕೆ?

ಹೊಸಚಿಗುರು | ಶನಿವಾರ ರಾತ್ರಿ 10:42

ಎರಡು ದಿನದಿಂದ ಇದೇ ಗೋಳು. ಲಿನಕ್ಸ್‌ನಲ್ಲಿ ಒಂದು ಸಿ ಪ್ರೋಗ್ರಾಂ. ಪೇರೆಂಟ್ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ಒಂದು, ಅದು ಹುಟ್ಟಿಸಿದ ಚೈಲ್ಡ್ ಎರಡು. ಮೊದಲ ಚೈಲ್ಡ್, ಸಾಲುಗಳನ್ನು ಕ್ರಮವಾಗಿ ಜೋಡಿಸುವ ಸಾರ್ಟ್ ಕಮಾಂಡ್ ಓಡಿಸುತ್ತದೆ. ಎರಡನೆಯದು ನಾನೇ ಬರೆದ ಲಾಗರ್. ಎರಡಕ್ಕೂ ಒಂದೊಂದು ಪೈಪ್ (ಒಂದು ತುದಿಯಲ್ಲಿ ಬರೆದದ್ದನ್ನು ಇನ್ನೊಂದು ತುದಿಯಲ್ಲಿ ಓದುವ ಕೊಳವೆ). ಪೇರೆಂಟ್ ಮೊದಲ ಪೈಪ್‌ಗೆ ನೂರಿನ್ನೂರು ಸಾಲು ಬರೆದು, ಬರೆಯುವ ತುದಿಯನ್ನು ಕ್ಲೋಸ್ ಮಾಡಿ, ಸಾರ್ಟ್ ಮುಗಿಯಲಿ ಅಂತ ಕಾಯುತ್ತದೆ.

ಸಾರ್ಟ್ ಮುಗಿಯುವುದೇ ಇಲ್ಲ. ಎಸ್‌ಟ್ರೇಸ್ (ಪ್ರೋಗ್ರಾಂ ಮಾಡುವ ಸಿಸ್ಟಂ ಕರೆಗಳನ್ನು ತೋರಿಸುವ ಟೂಲ್) ಹಾಕಿ ನೋಡಿದೆ. 0ಯಿಂದ, ಅಂದರೆ ಸ್ಟ್ಯಾಂಡರ್ಡ್ ಇನ್‌ಪುಟ್‌ನಿಂದ, ರೀಡ್ ಮಾಡಲು ಹೋಗಿ ಅಲ್ಲೇ ನಿಂತಿದೆ. ಸಿಪಿಯು ಸೊನ್ನೆ. ಪೇರೆಂಟ್‌ನಲ್ಲಿ ಕ್ಲೋಸ್ ಮಾಡಿದಾಗ ಎರರ್ ಏನೂ ಬಂದಿಲ್ಲ. ಮುಚ್ಚಿದ ಮೇಲೆ ಓದುವವನಿಗೆ ಫೈಲ್ ಮುಗಿಯಿತು ಅಂತ ಗೊತ್ತಾಗಬೇಕು ಅಲ್ವಾ? ತಮಾಷೆ ಅಂದರೆ, ಲಾಗರ್ ತೆಗೆದುಬಿಟ್ಟರೆ ಎಲ್ಲ ಸರಿಯಾಗಿ ಓಡುತ್ತದೆ. ಲಾಗರ್‌ಗೂ ಸಾರ್ಟ್‌ಗೂ ಏನು ಸಂಬಂಧ?

(ಪೈಪ್ ತುದಿಯಂಥದ್ದಕ್ಕೆ ಸಿಗುವ ನಂಬರಿಗೆ ಎಫ್‌ಡಿ, ಅಂದರೆ ಫೈಲ್ ಡಿಸ್ಕ್ರಿಪ್ಟರ್, ಅಂತಾರೆ. ಗೆಳೆಯನಿಗೆ ಫೋನಿನಲ್ಲಿ "ಎಫ್‌ಡಿ ಕ್ಲೋಸ್ ಮಾಡಿದೆ, ಆದರೂ ಆಗುತ್ತಿಲ್ಲ" ಅಂದೆ. ಪಕ್ಕದ ಕೋಣೆಯಿಂದ ಅಪ್ಪ ಎದ್ದು ಬಂದು "ಅವಧಿಗೆ ಮುಂಚೆ ಯಾಕೋ ಮುರಿಸಿದೆ?" ಅಂದರು.)

ಕಾಫಿಡಿಕಾಕ್ಷನ್ | ಶನಿವಾರ ರಾತ್ರಿ 11:05

ಅಪ್ಪನ ಪ್ರಶ್ನೆ ಸರಿಯಾಗೇ ಇದೆ. ಜಾಯಿಂಟ್ ಎಫ್‌ಡಿ ಇರಬೇಕು ಅಂತ ನನ್ನ ಅನುಮಾನ. :)

ಊಹೆ ಬೇಡ, ನೋಡೋಣ. ಎಲ್ಲ ಸಿಕ್ಕಿಹಾಕಿಕೊಂಡಿರುವಾಗಲೇ ಇನ್ನೊಂದು ಟರ್ಮಿನಲ್ ತೆರೆಯಿರಿ. ಪ್ರಾಕ್ ಡೈರೆಕ್ಟರಿಯಲ್ಲಿ ಪ್ರತಿ ಪ್ರೋಸೆಸ್ ನಂಬರಿನ ಕೆಳಗೆ ಎಫ್‌ಡಿ ಅಂತ ಒಂದು ಡೈರೆಕ್ಟರಿ ಇರುತ್ತದೆ. ಮೂರೂ ಪ್ರೋಸೆಸ್‌ಗಳದ್ದು ಎಲ್‌ಎಸ್ ಮೈನಸ್ ಎಲ್ ಹಾಕಿ ಇಲ್ಲಿ ಅಂಟಿಸಿ.

ಹೊಸಚಿಗುರು | ಶನಿವಾರ ರಾತ್ರಿ 11:21

ಟರ್ಮಿನಲ್‌ಗೆ ಹೋಗುವ ಸಾಲುಗಳನ್ನು ಬಿಟ್ಟಿದ್ದೇನೆ. ಓದು, ಬರೆ ಅಂತ ಗುರುತು ಹಾಕಿದ್ದು ನಾನು.

ಪೇರೆಂಟ್ 4120
5 → ಪೈಪ್:[58216] ಬರೆ

ಸಾರ್ಟ್ 4121
0 → ಪೈಪ್:[58213] ಓದು

ಲಾಗರ್ 4122
0 → ಪೈಪ್:[58216] ಓದು
4 → ಪೈಪ್:[58213] ಬರೆ

ಲಾಗರ್‌ನಲ್ಲಿ ಆ 4 ಎಲ್ಲಿಂದ ಬಂತು ಸರ್? ನಾನು ಅದನ್ನು ಮುಟ್ಟೇ ಇಲ್ಲ!

ಕಾಫಿಡಿಕಾಕ್ಷನ್ | ಶನಿವಾರ ರಾತ್ರಿ 11:58

ಮುಟ್ಟದೇ ಇದ್ದದ್ದೇ ತೊಂದರೆ. ಸಿಕ್ಕಿಬಿತ್ತು ಕಳ್ಳ.

ಮೊದಲು ಒಂದು ಪರೀಕ್ಷೆ. ಲಾಗರನ್ನು, ಅಂದರೆ 4122ನ್ನು, ಕಿಲ್ ಮಾಡಿ. ಸಾರ್ಟ್ ಆ ಕ್ಷಣವೇ ಎದ್ದು ಎಲ್ಲ ಸಾಲನ್ನೂ ಉದುರಿಸುತ್ತದೆ.

ಈಗ ಕಾರಣ. ಎಫ್‌ಡಿ ಅನ್ನುವುದು ಬರೀ ಒಂದು ನಂಬರು. ಕರ್ನಲ್ (ಲಿನಕ್ಸಿನ ತಿರುಳು) ಪ್ರತಿ ಪ್ರೋಸೆಸ್‌ಗೂ ಒಂದು ಪಟ್ಟಿ ಇಟ್ಟಿರುತ್ತದೆ. 4 ಅಂದರೆ ಆ ಪಟ್ಟಿಯ 4ನೇ ಮನೆ. ಆ ಮನೆಯಲ್ಲಿ ಪೈಪ್ ಇರುವುದಿಲ್ಲ, ಒಂದು ಪಾಯಿಂಟರ್ ಇರುತ್ತದೆ ಅಷ್ಟೇ. ಪಾಯಿಂಟರ್ ತೋರಿಸುವುದು ಕರ್ನಲ್ ಒಳಗಿನ ಸ್ಟ್ರಕ್ಟ್ ಫೈಲ್ ಅನ್ನುವ ವಸ್ತುವನ್ನು. ಅದರ ಹಿಂದೆ ನಿಜವಾದ ಪೈಪ್, ಸಾಕೆಟ್ (ನೆಟ್‌ವರ್ಕ್ ಕನೆಕ್ಷನ್ನಿನ ತುದಿ) ಅಥವಾ ಡಿಸ್ಕಿನ ಫೈಲ್. ಒಟ್ಟು ಮೂರು ಮಹಡಿ.

ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟು ಟೋಕನ್ ತಗೊಳ್ಳುತ್ತೀರಲ್ಲ, ಹಾಗೆ. ಟೋಕನ್ ಮೇಲೆ 4 ಅಂತ ಇದ್ದರೆ ಆ ಸ್ಟ್ಯಾಂಡಿನಲ್ಲಿ ಮಾತ್ರ ಅದಕ್ಕೆ ಬೆಲೆ. ಪಕ್ಕದ ಸ್ಟ್ಯಾಂಡಿನ 4 ಬೇರೆಯವರ ಚಪ್ಪಲಿ. ಫೋರ್ಕ್ ಮಾಡುವುದು (ಪ್ರೋಸೆಸ್ ತನ್ನದೇ ನಕಲನ್ನು ಚೈಲ್ಡ್ ಆಗಿ ಹುಟ್ಟಿಸುವುದು) ಅಂದರೆ ನಿಮ್ಮ ಕೈಯಲ್ಲಿರುವ ಟೋಕನ್ನುಗಳಿಗೆಲ್ಲ ಒಂದೊಂದು ನಕಲು ಮಾಡಿಸಿ ಮಗನ ಕೈಗೂ ಕೊಟ್ಟ ಹಾಗೆ. ನೀವು ನಿಮ್ಮದನ್ನು ವಾಪಸ್ ಕೊಟ್ಟರೆ ಸಾಲದು. ನಕಲೂ ವಾಪಸ್ ಬಂದ ಮೇಲೆಯೇ ಗೂಡು ಖಾಲಿ.

ನಿಮ್ಮ ಪ್ರೋಗ್ರಾಂನಲ್ಲಿ ಆಗಿದ್ದು ಹೀಗೆ. ಶುರುವಿನಲ್ಲಿ ಪೇರೆಂಟ್ ಬಳಿ 0, 1, 2 (ಇನ್‌ಪುಟ್, ಔಟ್‌ಪುಟ್, ಎರರ್) ಇವೆ. ಮೊದಲ ಪೈಪ್ ಮಾಡಿದಾಗ 3 (ಓದು) ಮತ್ತು 4 (ಬರೆ) ಸಿಕ್ಕಿದವು. ಸಾರ್ಟ್‌ಗೆ ಫೋರ್ಕ್ ಆಯಿತು. ಪೇರೆಂಟ್ 3ನ್ನು ಮುಚ್ಚಿತು. ಆಮೇಲೆ ಎರಡನೇ ಪೈಪ್. ಖಾಲಿ ಇರುವುದರಲ್ಲೇ ಚಿಕ್ಕ ನಂಬರ್ ಕೊಡಬೇಕು ಅನ್ನುವುದು ಪಾಸಿಕ್ಸ್ (ಯೂನಿಕ್ಸ್ ಥರದ ಸಿಸ್ಟಂಗಳ ಮಾನದಂಡ) ನಿಯಮ. ಹಾಗಾಗಿ ಈ ಸಲ ಸಿಕ್ಕಿದ್ದು 3 ಮತ್ತು 5. ನಿಮ್ಮ ಪಟ್ಟಿಯಲ್ಲಿ 5 ಇರುವುದು ಅದಕ್ಕೇ. ಈಗ ಲಾಗರ್‌ಗೆ ಫೋರ್ಕ್ ಮಾಡಿದಿರಿ. ಆಗ 3, 5ರ ಜೊತೆ 4 ಕೂಡ ಲಾಗರ್‌ಗೆ ನಕಲಾಯಿತು. ಲಾಗರ್ ತನ್ನ ಪೈಪಿನ 3ನ್ನು 0ಗೆ ನಕಲು ಮಾಡಿಕೊಂಡು, 3, 5ನ್ನು ಮುಚ್ಚಿತು. ಅಣ್ಣನ ಪೈಪಿನ 4 ತನ್ನ ಬಳಿ ಇದೆ ಅಂತ ಅದಕ್ಕೆ ಗೊತ್ತೇ ಇಲ್ಲ.

ಓದುವವನಿಗೆ ಫೈಲ್ ಮುಗಿಯಿತು ಅನ್ನುವ ಸೊನ್ನೆ ಸಿಗಬೇಕಾದರೆ ಬರೆಯುವ ತುದಿಯನ್ನು ಹಿಡಿದವರು ಒಬ್ಬರೂ ಉಳಿದಿರಬಾರದು. ಲಾಗರ್ ಹಿಡಿದಿದೆ. ಅದು ಜೀವಮಾನದಲ್ಲಿ ಒಂದಕ್ಷರ ಬರೆಯದಿದ್ದರೂ ಕರ್ನಲ್‌ಗೆ ಅದು ಬೇಕಿಲ್ಲ. ಬರೆಯಬಲ್ಲ ಅಂದರೆ ಕಾಯಲೇಬೇಕು.

ಪೂರ್ತಿ ಚಿತ್ರ ನೋಡಿ. ಪೇರೆಂಟ್ ಸಾರ್ಟ್‌ಗೆ ಕಾಯುತ್ತಿದೆ. ಸಾರ್ಟ್, ಲಾಗರ್ 4ನ್ನು ಬಿಡಲಿ ಅಂತ ಕಾಯುತ್ತಿದೆ. ಲಾಗರ್, ಪೇರೆಂಟ್ 5ನ್ನು ಮುಚ್ಚಲಿ ಅಂತ ಕಾಯುತ್ತಿದೆ. ನೀನು ಮೊದಲು, ನೀನು ಮೊದಲು ಅಂತ ಮೂವರೂ ಬಾಗಿಲಲ್ಲೇ ನಿಂತಿದ್ದಾರೆ.

ಇಣುಕುನೋಟ | ಭಾನುವಾರ ಬೆಳಿಗ್ಗೆ 7:30

ಚೆನ್ನಾಗಿದೆ. ಆದರೆ ನಮ್ಮೂರ ಸ್ಟ್ಯಾಂಡಿನಲ್ಲಿ ಟೋಕನ್ ಕೊಡದಿದ್ದರೂ ಚಪ್ಪಲಿ ಹೋಗುತ್ತದೆ.

ಒಂದು ಸಣ್ಣ ಸೇರ್ಪಡೆ. ಬರೆಯುವವರು ಎಷ್ಟು ಜನ ಅಂತ ಪೈಪ್ ಒಳಗೇ ಒಂದು ಎಣಿಕೆ ಇರುತ್ತದೆ, ರೈಟರ್ಸ್ ಅಂತ. ಫೋರ್ಕ್ ಮಾಡಿದರೆ ಅದು ಜಾಸ್ತಿ ಆಗುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಆಗುವುದಿಲ್ಲ. ಅದು 1 ಇದ್ದದ್ದು 1 ಆಗೇ ಇರುತ್ತದೆ. ಏರುವುದು ನಡು ಮಹಡಿಯಲ್ಲಿರುವ ಸ್ಟ್ರಕ್ಟ್ ಫೈಲ್‌ನ ಎಣಿಕೆ. ಪ್ರತಿ ಕ್ಲೋಸ್‌ಗೂ ಅದು ಒಂದೊಂದು ಇಳಿಯುತ್ತದೆ. ಸೊನ್ನೆ ತಲುಪಿದಾಗ ಮಾತ್ರ ಕರ್ನಲ್ ಪೈಪ್‌ಗೆ ಸುದ್ದಿ ಮುಟ್ಟಿಸುತ್ತದೆ. ಆಗ ರೈಟರ್ಸ್ ಸೊನ್ನೆಯಾಗಿ ಓದುವವನು ಎಚ್ಚರವಾಗುತ್ತಾನೆ. ಪೇರೆಂಟ್‌ನಲ್ಲಿ ಕ್ಲೋಸ್ ಎರರ್ ಇಲ್ಲದೆ ಮುಗಿದದ್ದು ಸುಳ್ಳಲ್ಲ. "ನಿನ್ನ ಪಟ್ಟಿಯ 4ನೇ ಮನೆ ಖಾಲಿ ಮಾಡಿದೆ" ಅಂತ ಅಷ್ಟೇ ಅದರ ಅರ್ಥ.

ಯಾವ ಗುಣ ಯಾವ ಮಹಡಿಯಲ್ಲಿದೆ ಅಂತ ಗೊತ್ತಿದ್ದರೆ ಅರ್ಧ ಬಗ್ ಮಾಯ. ಕ್ಲೋಸ್-ಆನ್-ಎಕ್ಸೆಕ್ (ಎಕ್ಸೆಕ್ ಮಾಡಿ ಪ್ರೋಸೆಸ್ ಬೇರೆ ಪ್ರೋಗ್ರಾಂ ಆಗಿ ಬದಲಾಗುವಾಗ ತಾನೇ ಮುಚ್ಚಿಕೊಳ್ಳುವುದು) ಅನ್ನುವ ಗುರುತು ನಂಬರಿಗೆ ಸೇರಿದ್ದು. ನಾನ್‌ಬ್ಲಾಕಿಂಗ್ (ಡೇಟಾ ಇಲ್ಲದಿದ್ದರೆ ಕಾಯದೆ ವಾಪಸ್ ಬರುವುದು) ಮತ್ತು ಫೈಲಿನಲ್ಲಿ ಎಲ್ಲಿಯವರೆಗೆ ಓದಿದೆ ಅನ್ನುವ ಸ್ಥಾನ ಸ್ಟ್ರಕ್ಟ್ ಫೈಲ್‌ಗೆ ಸೇರಿದ್ದು. ಚೈಲ್ಡ್ ಒಂದು ತನ್ನ ಸ್ಟ್ಯಾಂಡರ್ಡ್ ಇನ್‌ಪುಟ್ಟನ್ನು ನಾನ್‌ಬ್ಲಾಕಿಂಗ್ ಮಾಡಿ ಹಾಗೇ ಸತ್ತರೆ, ಅದೇ ಟರ್ಮಿನಲ್ ಹಂಚಿಕೊಂಡ ಬೇರೆ ಪ್ರೋಗ್ರಾಂಗಳು ಆಮೇಲೆ ವಿಚಿತ್ರವಾಗಿ ಆಡುವುದು ಇದಕ್ಕೇ.

ಹೊಸಚಿಗುರು | ಭಾನುವಾರ ಬೆಳಿಗ್ಗೆ 9:14

ಲಾಗರ್ ಕೊಂದೆ, ಸಾರ್ಟ್ ತಕ್ಷಣ ಎದ್ದಿತು! ಈಗ ಪರಿಹಾರ? ಕ್ಲೋಸ್-ಆನ್-ಎಕ್ಸೆಕ್ ಅಂತ ನೋಡಿ, ಪೈಪ್ ಬದಲು ಪೈಪ್2 ಹಾಕಿ ಆ ಫ್ಲಾಗ್ ಕೊಟ್ಟೆ. ಎರಡೂ ಪೈಪ್‌ಗೂ ಕೊಟ್ಟೆ. ಏನೂ ಬದಲಾಗಲಿಲ್ಲ. ಲಾಗರ್‌ನಲ್ಲಿ 4 ಹಾಗೇ ಕೂತಿದೆ.

ಕಾಫಿಡಿಕಾಕ್ಷನ್ | ಭಾನುವಾರ ಬೆಳಿಗ್ಗೆ 9:40

ಲಾಗರ್ ಕೋಡ್ ಎಲ್ಲಿದೆ? ಬೇರೆ ಪ್ರೋಗ್ರಾಂ ಆಗಿ ಎಕ್ಸೆಕ್ ಮಾಡುತ್ತೀರೋ, ಅದೇ ಪ್ರೋಗ್ರಾಂನ ಒಂದು ಫಂಕ್ಷನ್ನೋ?

ಹೊಸಚಿಗುರು | ಭಾನುವಾರ ಬೆಳಿಗ್ಗೆ 9:43

ಫಂಕ್ಷನ್. ಫೋರ್ಕ್ ಆದ ಮೇಲೆ ನೇರ ಅದನ್ನೇ ಕರೆಯುತ್ತೇನೆ. ...ಓ.

ಕಾಫಿಡಿಕಾಕ್ಷನ್ | ಭಾನುವಾರ ಬೆಳಿಗ್ಗೆ 9:51

ಹ್ಞಾ, ಅದೇ "ಓ". ಎಕ್ಸೆಕ್ ಆದರೆ ತಾನೇ ಆ ಗುರುತಿಗೆ ಕೆಲಸ? ಸಾರ್ಟ್ ಎಕ್ಸೆಕ್ ಆಗುವಾಗ ಅದರ ಹೆಚ್ಚುವರಿ ನಂಬರುಗಳು ತಾವೇ ಮುಚ್ಚಿಕೊಳ್ಳುತ್ತವೆ. ಡಪ್2 (ಎಫ್‌ಡಿಯನ್ನು ಬೇರೆ ನಂಬರಿಗೆ ನಕಲು ಮಾಡುವ ಕರೆ) ಮಾಡಿದ 0 ಮಾತ್ರ ಉಳಿಯುತ್ತದೆ, ಯಾಕೆಂದರೆ ಡಪ್2 ಕೊಡುವ ಹೊಸ ನಂಬರಿಗೆ ಆ ಗುರುತು ಅಂಟುವುದಿಲ್ಲ. ಲಾಗರ್ ಬರೀ ಫೋರ್ಕ್ ಆಗಿ ಓಡುತ್ತಿದೆ. ಅದರ ಶುರುವಿನಲ್ಲಿ ನೀವೇ 4ನ್ನು ಕ್ಲೋಸ್ ಮಾಡಿ.

ಪೈಪ್2 ಹಾಕಿದ್ದು ದಂಡ ಅಲ್ಲ, ಹಾಗೇ ಇಡಿ. ಮೊದಲು ಪೈಪ್ ಮಾಡಿ, ಆಮೇಲೆ ಎಫ್‌ಸಿಎನ್‌ಟಿಎಲ್‌ನಿಂದ ಗುರುತು ಹಾಕಿದರೆ ಎರಡರ ನಡುವೆ ಸಣ್ಣ ಸಂದಿ ಉಳಿಯುತ್ತದೆ. ಅದೇ ಪ್ರೋಸೆಸ್ ಒಳಗೆ ಜೊತೆಜೊತೆಗೇ ಓಡುವ ಇನ್ನೊಂದು ಥ್ರೆಡ್ ಅದೇ ಸಂದಿಯಲ್ಲಿ ಫೋರ್ಕ್ ಮತ್ತು ಎಕ್ಸೆಕ್ ಮಾಡಿದರೆ ನಂಬರ್ ಸೋರಿಹೋಗುತ್ತದೆ. ಆ ಸಂದಿ ಮುಚ್ಚಲೆಂದೇ 2008ರಲ್ಲಿ ಲಿನಕ್ಸ್ 2.6.27ಕ್ಕೆ ಪೈಪ್2 ಬಂತು. ಸಾಕೆಟ್ ಮಾಡುವಾಗಲೇ ಗುರುತು ಹಾಕುವ ಫ್ಲಾಗ್ ಕೂಡ ಆಗಲೇ ಬಂತು. ಬಂದ ಕನೆಕ್ಷನ್ ತೆಗೆದುಕೊಳ್ಳುವ ಅಕ್ಸೆಪ್ಟ್4 ಅದರ ಮುಂದಿನ ಆವೃತ್ತಿಯಲ್ಲಿ.

ಹಾವಾಡಿಗ | ಭಾನುವಾರ ಬೆಳಿಗ್ಗೆ 10:20

ಪೈಥಾನ್ ಬರೆಯುವವನು ನಾನು. ಹತ್ತು ವರ್ಷದಲ್ಲಿ ಈ ಕಷ್ಟ ಒಮ್ಮೆಯೂ ಬಂದಿಲ್ಲ. ಸಿ ಬರೆಯುವವರ ಹಣೆಬರಹ ಇದು. :)

ಇಣುಕುನೋಟ | ಭಾನುವಾರ ಬೆಳಿಗ್ಗೆ 10:31

ಬಂದಿಲ್ಲ ಅಂದರೆ ನಿಮಗಾಗಿ ಬೇರೆಯವರು ಅನುಭವಿಸಿದ್ದಾರೆ ಅಂತ. ಪೈಥಾನ್ 3.4ರಿಂದ ಹೊಸ ಎಫ್‌ಡಿಗಳಿಗೆಲ್ಲ ಆ ಗುರುತು ತಾನಾಗೇ ಬೀಳುತ್ತದೆ. ಆದರೆ ನೀವೂ ಸಿಕ್ಕಿಬೀಳುವ ಒಂದು ಜಾಗ ಇದೆ. ಬೇರೆ ಪ್ರೋಗ್ರಾಂ ಓಡಿಸುವ ಸಬ್‌ಪ್ರೋಸೆಸ್ ಮಾಡ್ಯೂಲ್‌ನಲ್ಲಿ ಔಟ್‌ಪುಟ್ಟನ್ನು ಪೈಪ್‌ಗೆ ತಿರುಗಿಸಿ, ಓದದೆ ಸುಮ್ನೆ ವೇಟ್ ಕರೆದಿದ್ದೀರಾ?

ಹಾವಾಡಿಗ | ಭಾನುವಾರ ಬೆಳಿಗ್ಗೆ 10:36

...ಕರೆದಿದ್ದೇನೆ. ಸಣ್ಣ ಫೈಲ್ ಕೊಟ್ಟರೆ ಓಡುತ್ತಿತ್ತು, ದೊಡ್ಡದು ಕೊಟ್ಟರೆ ನಿಲ್ಲುತ್ತಿತ್ತು. ಮೆಷಿನ್ ನಿಧಾನ ಅಂತ ಬೈದುಕೊಂಡಿದ್ದೆ.

ಇಣುಕುನೋಟ | ಭಾನುವಾರ ಬೆಳಿಗ್ಗೆ 10:52

ಮೆಷಿನ್ ನಿರಪರಾಧಿ. ಲಿನಕ್ಸ್‌ನಲ್ಲಿ ಪೈಪ್ ಅಂದರೆ ಪುಟಗಳ ಒಂದು ಉಂಗುರ. ಮಾಮೂಲಿಯಾಗಿ 16 ಪುಟ, ಒಂದೊಂದು 4096 ಬೈಟ್, ಒಟ್ಟು 65,536. (2.6.11ಕ್ಕೆ ಮುಂಚೆ ಒಂದೇ ಪುಟ ಇತ್ತು.) ತುಂಬಿದರೆ ಬರೆಯುವವನನ್ನು ಕರ್ನಲ್ ಮಲಗಿಸುತ್ತದೆ. ಚೈಲ್ಡ್ ಪೈಪ್ ತುಂಬಿಸಿ ಮಲಗಿತು, ನೀವು ಚೈಲ್ಡ್ ಮುಗಿಯಲಿ ಅಂತ ಮಲಗಿದಿರಿ. ವೇಟ್ ಬದಲು ಕಮ್ಯುನಿಕೇಟ್ ಬಳಸಿ, ಅದು ಓದುತ್ತಾ ಕಾಯುತ್ತದೆ.

ಗಾತ್ರ ಹೆಚ್ಚಿಸಬಹುದು, ಮಾಮೂಲಿ ಬಳಕೆದಾರನಿಗೆ ಶುರುವಿನ ಮಿತಿ 1,048,576 ಬೈಟ್. ಆದರೆ ಓದದೇ ಇರುವವನಿಗೆ ದೊಡ್ಡ ತೊಟ್ಟಿ ಕೊಟ್ಟರೆ ತುಂಬುವುದು ತಡವಾಗುತ್ತದೆ, ಅಷ್ಟೇ.

ಆ ಪುಟಗಳ ಉಂಗುರದಲ್ಲೇ ದೊಡ್ಡ ತೂತೊಂದು ಸಿಕ್ಕಿತ್ತು, 2022ರಲ್ಲಿ, ಡರ್ಟಿ ಪೈಪ್ ಅಂತ. ಉಂಗುರದ ಪ್ರತಿ ಮನೆಗೂ ಒಂದು ಫ್ಲಾಗ್ ಇರುತ್ತದೆ. ಹಳೆಯ ಫ್ಲಾಗನ್ನು ಅಳಿಸದೆ ಮನೆಯನ್ನು ಮತ್ತೆ ಬಳಸುತ್ತಿದ್ದರು. ಸ್ಪ್ಲೈಸ್ ಮಾಡಿ (ನಕಲಿಸದೆ ನೇರವಾಗಿ ಪೈಪ್‌ಗೆ ಜೋಡಿಸಿ) ತಂದ ಫೈಲಿನ ಪುಟ ಆ ಮನೆಗೆ ಬಂದರೆ, ಅದರ ಮೇಲೇ ಬರೆಯಬಹುದು ಅಂತ ಕರ್ನಲ್ ನಂಬುತ್ತಿತ್ತು. ಓದಲು ಮಾತ್ರ ಅನುಮತಿ ಇರುವ ಫೈಲನ್ನೂ ತಿದ್ದಬಹುದಿತ್ತು! ಮ್ಯಾಕ್ಸ್ ಕೆಲ್ಲರ್‌ಮನ್ ಅದನ್ನು ಹಿಡಿದದ್ದು ಭದ್ರತೆ ಹುಡುಕಲು ಹೋಗಿ ಅಲ್ಲ. ಲಾಗ್ ಫೈಲುಗಳು ಆಗಾಗ ಕೆಡುತ್ತಿದ್ದವು, ಯಾಕೆ ಅಂತ ಬೆನ್ನು ಹತ್ತಿ ಹೋದರು.

ರಾತ್ರಿಪಾಳಿ | ಭಾನುವಾರ ಮಧ್ಯಾಹ್ನ 1:15

ಪೈಪ್ ಕಥೆ ಆಯಿತು, ಸಾಕೆಟ್ ಕಡೆಯಿಂದ ನನ್ನದೊಂದು.

ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಒಂದು ಸರ್ವರ್. ಎಂಟು ದಿನ ಚೆನ್ನಾಗಿ ಓಡುತ್ತಿತ್ತು. ಒಂಬತ್ತನೇ ದಿನ, ಸರಿಯಾಗಿ ನನ್ನ ಪಾಳಿಯಲ್ಲೇ, ಹೊಸ ಕನೆಕ್ಷನ್ ತೆಗೆದುಕೊಳ್ಳುವುದು ನಿಲ್ಲಿಸುತ್ತಿತ್ತು. ಸಿಪಿಯು ನೂರು. ರೀಸ್ಟಾರ್ಟ್ ಮಾಡಿ, ಟೀ ಕುಡಿದು, ಮತ್ತೆ ಎಂಟು ದಿನ. ಹೀಗೇ ತಿಂಗಳು ಕಳೆಯಿತು. ನಾಚಿಕೆ ಆಗುತ್ತದೆ ಹೇಳಲು.

ಕೊನೆಗೆ ಸಾಕೆಟ್‌ಗಳ ಸ್ಥಿತಿ ತೋರಿಸುವ ಎಸ್‌ಎಸ್ ಕಮಾಂಡ್ ಹಾಕಿದೆ. ಸಾಲು ಸಾಲು ಕ್ಲೋಸ್-ವೇಟ್. ಅಂದರೆ ಎದುರಿನವನು ಫೋನ್ ಇಟ್ಟಿದ್ದಾನೆ, ನಾವು ಮಾತ್ರ ಕಿವಿಗೆ ಹಿಡಿದುಕೊಂಡೇ ಇದ್ದೇವೆ. ಕರ್ನಲ್ ಆ ಸಾಕೆಟ್ಟನ್ನು ತಾನಾಗಿ ಬಿಡುವ ಹಾಗಿಲ್ಲ. ನಂಬರ್ ನಮ್ಮ ಪಟ್ಟಿಯಲ್ಲಿದೆ, ನಾವೇ ಕ್ಲೋಸ್ ಮಾಡಬೇಕು. ಕೋಡ್ ಹುಡುಕಿದರೆ ಒಂದೇ ಒಂದು ಜಾಗ. ಬಂದ ರಿಕ್ವೆಸ್ಟ್ ಕೆಟ್ಟದಾಗಿದ್ದರೆ ಎರರ್ ಬರೆದು ರಿಟರ್ನ್. ಕ್ಲೋಸ್ ಮರೆತಿದ್ದರು. ದಿನಕ್ಕೆ ನೂರು ಚಿಲ್ಲರೆ ಸೋರಿಕೆ, ಎಂಟು ದಿನಕ್ಕೆ ಒಂದು ಪ್ರೋಸೆಸ್‌ಗೆ 1024 ಎಫ್‌ಡಿ ಅನ್ನುವ ಮಿತಿ ಮುಟ್ಟುತ್ತಿತ್ತು. ಆಮೇಲೆ ಅಕ್ಸೆಪ್ಟ್ ಮಾಡಿದರೆ ಎರರ್ 24, ಇಎಂಫೈಲ್, ಅಂದರೆ ಇನ್ನು ನಂಬರ್ ಖಾಲಿ ಇಲ್ಲ.

ಸಿಪಿಯು ಯಾಕೆ ನೂರಾಯಿತು ಅಂದರೆ, ಅಕ್ಸೆಪ್ಟ್ ಸೋತಾಗ ಕನೆಕ್ಷನ್ ಕ್ಯೂನಲ್ಲೇ ಉಳಿಯುತ್ತದೆ. ಲಿನಕ್ಸ್ ಮೊದಲು ಖಾಲಿ ನಂಬರ್ ಹುಡುಕುತ್ತದೆ, ಸಿಗದಿದ್ದರೆ ಕ್ಯೂ ಮುಟ್ಟದೆ ಅಲ್ಲಿಂದಲೇ ವಾಪಸ್. ಈಪೋಲ್ (ಯಾವ ಎಫ್‌ಡಿಗೆ ಕೆಲಸ ಬಂದಿದೆ ಅಂತ ತಿಳಿಸುವ ಕರೆ) "ಯಾರೋ ಬಾಗಿಲಲ್ಲಿದ್ದಾರೆ" ಅನ್ನುತ್ತದೆ, ನಾವು ಅಕ್ಸೆಪ್ಟ್ ಅನ್ನುತ್ತೇವೆ, ಆಗಲ್ಲ, ಮತ್ತೆ ಈಪೋಲ್. ಗಾಣದೆತ್ತಿನ ಹಾಗೆ ಸುತ್ತಿದ್ದೇ ಸುತ್ತಿದ್ದು.

ಹಳಬರ ಒಂದು ಉಪಾಯ ಇದೆ. ಶುರುವಿನಲ್ಲೇ ಡೆವ್ ನಲ್ (ಬರೆದದ್ದನ್ನೆಲ್ಲ ನುಂಗುವ ಖಾಲಿ ಫೈಲ್) ಅನ್ನು ತೆರೆದು ಒಂದು ನಂಬರ್ ಕಟ್ಟಿಟ್ಟುಕೊಳ್ಳುವುದು. ಇಎಂಫೈಲ್ ಬಂದಾಗ ಅದನ್ನು ಮುಚ್ಚಿ, ಆ ಜಾಗದಲ್ಲಿ ಕನೆಕ್ಷನ್ ಅಕ್ಸೆಪ್ಟ್ ಮಾಡಿ, ಕೂಡಲೇ ಕ್ಲೋಸ್ ಮಾಡಿ, ಮತ್ತೆ ಡೆವ್ ನಲ್ ತೆರೆದಿಡುವುದು. ಬಂದವನಿಗೆ ಜಾಗ ಇಲ್ಲ ಅಂತ ಮುಖ ನೋಡಿ ಹೇಳಿ ಕಳಿಸಿದ ಹಾಗೆ.

ಹೊಸಚಿಗುರು | ಭಾನುವಾರ ಮಧ್ಯಾಹ್ನ 1:40

ಆ 1024 ಯಾಕೆ ಇಷ್ಟು ಕಮ್ಮಿ? ಈಗಿನ ಮೆಷಿನ್‌ಗಳಲ್ಲಿ ಮೆಮರಿ ಬೇಕಾದಷ್ಟಿದೆ ಅಲ್ವಾ?

ರಾತ್ರಿಪಾಳಿ | ಭಾನುವಾರ ಮಧ್ಯಾಹ್ನ 2:02

ಮೆಮರಿ ಕಾರಣ ಅಲ್ಲ, ಈಪೋಲ್ ಮಾಡುವ ಕೆಲಸಕ್ಕೇ ಇರುವ ಹಳೆಯ ಕರೆ ಸೆಲೆಕ್ಟ್ ಕಾರಣ. ಅದು ನಂಬರುಗಳನ್ನು 1024 ಬಿಟ್‌ಗಳ ಒಂದು ಪಟ್ಟಿಯಲ್ಲಿ ಗುರುತು ಹಾಕುತ್ತದೆ. ನಿಮ್ಮ ಸಾಕೆಟ್ ನಂಬರ್ 1024 ಅಥವಾ ಅದಕ್ಕಿಂತ ಜಾಸ್ತಿ ಆದರೆ ಗುರುತು ಪಟ್ಟಿಯ ಆಚೆ, ಬೇರೆ ಯಾರದೋ ಮೆಮರಿಯಲ್ಲಿ ಬೀಳುತ್ತದೆ. ಸೆಲೆಕ್ಟ್ ಬಳಸುವ ಹಳೇ ಪ್ರೋಗ್ರಾಂ ಇನ್ನೂ ಇವೆ. ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ಶುರುಮಾಡುವ ಸಿಸ್ಟಂಡಿಯ 240ನೇ ಆವೃತ್ತಿ ಬಂದಾಗ ಹಾರ್ಡ್ ಲಿಮಿಟ್ಟನ್ನು (ಏರಿಸಿಕೊಳ್ಳಬಹುದಾದ ಗರಿಷ್ಠ) 5,24,288ಕ್ಕೆ ಏರಿಸಿ, ಸಾಫ್ಟ್ ಲಿಮಿಟ್ಟನ್ನು (ಸದ್ಯ ಜಾರಿಯಲ್ಲಿರುವ ಮಿತಿ) 1024ರಲ್ಲೇ ಬಿಟ್ಟದ್ದು ಅದಕ್ಕೇ. ಸೆಲೆಕ್ಟ್ ಬಳಸುವುದಿಲ್ಲ ಅಂತ ಖಾತ್ರಿ ಇರುವ ಪ್ರೋಗ್ರಾಂ ತಾನೇ ಸಾಫ್ಟ್ ಲಿಮಿಟ್ ಏರಿಸಿಕೊಳ್ಳಬಹುದು. ಆದರೆ ಸೋರಿಕೆ ಇರುವಾಗ ಲಿಮಿಟ್ ಏರಿಸಬೇಡಿ. ನಮ್ಮಲ್ಲಿ ಮೊದಲು ಮಾಡಿದ್ದು ಅದನ್ನೇ. ಎಂಟು ದಿನದ ಕಾಯಿಲೆ ಒಂದು ತಿಂಗಳ ಕಾಯಿಲೆ ಆಯಿತು.

ಕರಾವಳಿಕೋಡರ್ | ಭಾನುವಾರ ಸಂಜೆ 5:48

ಥ್ರೆಡ್ ಇರುವ ಕಡೆ ಇದು ಇನ್ನೂ ಮಜಾ ಮಾರಾಯ್ರೆ. ಥ್ರೆಡ್‌ಗಳಿಗೆ ನಂಬರ್ ಪಟ್ಟಿಯ ನಕಲು ಇಲ್ಲ, ಎಲ್ಲರಿಗೂ ಒಂದೇ ಪಟ್ಟಿ. ಒಂದು ಥ್ರೆಡ್ ಸಾಕೆಟ್ 7ರಲ್ಲಿ ರೀಡ್ ಮಾಡಿ ಕಾಯುತ್ತಿತ್ತು. ಅದನ್ನು ಎಬ್ಬಿಸಲು ನಾನು ಇನ್ನೊಂದು ಥ್ರೆಡ್‌ನಿಂದ 7ನ್ನು ಕ್ಲೋಸ್ ಮಾಡಿದೆ. ಅದು ಏಳಲಿಲ್ಲ. ರೀಡ್ ಒಳಗೆ ಇರುವವರೆಗೆ ಸ್ಟ್ರಕ್ಟ್ ಫೈಲ್‌ನ ಎಣಿಕೆಯಲ್ಲಿ ಒಂದು ಅದರ ಕೈಯಲ್ಲೇ ಇರುತ್ತದೆ ನೋಡಿ. ಅಷ್ಟರಲ್ಲಿ ಮೂರನೇ ಥ್ರೆಡ್ ಒಂದು ಫೈಲ್ ತೆರೆಯಿತು. ಖಾಲಿ ಇದ್ದ ಚಿಕ್ಕ ನಂಬರ್ ಯಾವುದು? 7! ಮೊದಲ ಥ್ರೆಡ್ ಹೇಗೋ ಎದ್ದ ಮೇಲೆ 7ಕ್ಕೆ ಉತ್ತರ ಬರೆಯಿತು. ನೆಟ್‌ವರ್ಕಿಗೆ ಹೋಗಬೇಕಾದ ಮಾತು ಸೀದಾ ಡೇಟಾ ಫೈಲಿನೊಳಗೆ. ಎರರ್ ಇಲ್ಲ, ಏನಿಲ್ಲ.

ಸಾಕೆಟ್ ಆದರೆ ಮೊದಲು ಶಟ್‌ಡೌನ್ ಕರೆಯಬೇಕು. ಅದು ನಂಬರಿಗೆ ಅಲ್ಲ, ಹಿಂದಿರುವ ಸಾಕೆಟ್ಟಿಗೇ ತಾಗುತ್ತದೆ. ಎಷ್ಟು ನಕಲು ಇದ್ದರೂ ಕಾಯುವವರೆಲ್ಲ ಏಳುತ್ತಾರೆ. ಕ್ಲೋಸ್ ಎಲ್ಲ ಮುಗಿದ ಮೇಲೆ, ಒಬ್ಬರೇ ಮಾಡಬೇಕು.

ಇಣುಕುನೋಟ | ಭಾನುವಾರ ಸಂಜೆ 6:20

ಈಪೋಲ್‌ಗೂ ಇದೇ ರೋಗ. ಅದು ನೆನಪಿಟ್ಟುಕೊಳ್ಳುವುದು ನಂಬರ್ ಒಂದನ್ನೇ ಅಲ್ಲ, ಸ್ಟ್ರಕ್ಟ್ ಫೈಲನ್ನೂ. ನೀವು ನಂಬರ್ ಮುಚ್ಚಿದಿರಿ, ಆದರೆ ನಕಲೊಂದು ಚೈಲ್ಡ್ ಬಳಿ ಉಳಿದಿದೆ ಅನ್ನಿ. ಈಪೋಲ್ ಸುದ್ದಿ ಕಳಿಸುತ್ತಲೇ ಇರುತ್ತದೆ. ತೆಗೆದುಹಾಕೋಣ ಅಂದರೆ ನಿಮ್ಮ ಬಳಿ ಆ ನಂಬರೇ ಇಲ್ಲ. ಕ್ಲೋಸ್ ಮಾಡುವ ಮುಂಚೆ ಈಪೋಲ್‌ನಿಂದ ತೆಗೆಯಿರಿ.

ಹಾವಾಡಿಗ | ಭಾನುವಾರ ಸಂಜೆ 7:05

ಒಂದು ದಡ್ಡ ಪ್ರಶ್ನೆ. ಪೈಪ್ ಮತ್ತು ಸಾಕೆಟ್ ಎರಡನ್ನೂ ಒಂದೇ ರೀಡ್‌ನಿಂದ ಓದುತ್ತೇವೆ. ಕರ್ನಲ್‌ಗೆ ಯಾವುದು ಯಾವುದು ಅಂತ ಹೇಗೆ ಗೊತ್ತಾಗುತ್ತದೆ?

ಕಾಫಿಡಿಕಾಕ್ಷನ್ | ಭಾನುವಾರ ರಾತ್ರಿ 8:30

ದಡ್ಡ ಪ್ರಶ್ನೆ ಅಲ್ಲ. ಪ್ರತಿ ಸ್ಟ್ರಕ್ಟ್ ಫೈಲ್‌ನಲ್ಲೂ ಫಂಕ್ಷನ್ ಪಾಯಿಂಟರುಗಳ ಒಂದು ಪಟ್ಟಿಗೆ ದಾರಿ ಇರುತ್ತದೆ. ಓದಲು ಇದು, ಬರೆಯಲು ಇದು, ಪೋಲ್ ಮಾಡಲು ಇದು ಅಂತ. ಪೈಪ್ ಆದರೆ ಪೈಪಿನ ರೀಡ್, ಸಾಕೆಟ್ ಆದರೆ ಸಾಕೆಟ್ಟಿನದು. ಮೇಲಿನ ರೀಡ್ ಸುಮ್ನೆ ಆ ಪಾಯಿಂಟರ್ ಹಿಡಿದು ದಾಟಿಸುತ್ತದೆ. ಎರಡರಲ್ಲೂ ಹಿಂದಕ್ಕೆ ಮುಂದಕ್ಕೆ ಹೋಗುವ ಮಾತಿಲ್ಲ. ಎಲ್‌ಸೀಕ್ ಮಾಡಿದರೆ ಎರರ್ 29. ಅದರ ಹೆಸರೇ ಇಎಸ್‌ಪೈಪ್.

ಎಲ್ಲವೂ ಫೈಲೇ ಅನ್ನುವ ಯೂನಿಕ್ಸ್ ಮಾತು ಪೈಪ್‌ಗೆ ಒಪ್ಪುತ್ತದೆ. ಪೈಪ್ ಅನ್ನುವುದು ಬೆಲ್ ಲ್ಯಾಬ್ಸ್‌ನ ಡಗ್ ಮ್ಯಾಕಿಲ್‌ರಾಯ್ 1964ರಲ್ಲೇ ಬರೆದಿಟ್ಟ ಯೋಚನೆ. 1973ರಲ್ಲಿ ಯೂನಿಕ್ಸ್ ಕಟ್ಟಿದವರಲ್ಲೊಬ್ಬರಾದ ಕೆನ್ ಥಾಂಪ್ಸನ್ ಅದನ್ನು ಯೂನಿಕ್ಸ್‌ಗೆ ಸೇರಿಸಿದರು. ಸಾಕೆಟ್ 1983ರ 4.2ಬಿಎಸ್‌ಡಿ (ಬರ್ಕ್ಲಿ ವಿಶ್ವವಿದ್ಯಾಲಯದ ಯೂನಿಕ್ಸ್) ಜೊತೆ ಬಂತು. ಓದಲು ಬರೆಯಲು ಫೈಲಿನ ಹಾಗೆಯೇ, ಆದರೆ ಹುಟ್ಟಿಸಲು ಓಪನ್ ಇಲ್ಲ. ಸಾಕೆಟ್, ಬೈಂಡ್, ಕನೆಕ್ಟ್ ಅಂತ ಅದರದ್ದೇ ಸಂಸಾರ. ನನಗೆ ಇದು ಅವಸರದ ಅಡುಗೆ ಅನ್ನಿಸುತ್ತದೆ. ಆಮೇಲೆ ಬೆಲ್ ಲ್ಯಾಬ್ಸ್‌ನಿಂದ ಬಂದ ಪ್ಲಾನ್ 9 ಅನ್ನುವ ಆಪರೇಟಿಂಗ್ ಸಿಸ್ಟಂನಲ್ಲಿ ಟಿಸಿಪಿ ಕನೆಕ್ಷನ್ ಕೂಡ ನೆಟ್ ಅನ್ನುವ ಡೈರೆಕ್ಟರಿಯ ಫೈಲುಗಳನ್ನು ತೆರೆದು ಬರೆದೇ ಆಗುತ್ತಿತ್ತು. ಅದನ್ನು ಬಳಸಿದವರು ಎಷ್ಟು ಜನ ಅನ್ನುವುದು ಬೇರೆ ಮಾತು.

ಹೊಸಚಿಗುರು | ಭಾನುವಾರ ರಾತ್ರಿ 9:10

ಲಾಗರ್ ಶುರುವಿನಲ್ಲೇ 4ನ್ನು ಕ್ಲೋಸ್ ಮಾಡಿದೆ. ಸಾರ್ಟ್ ಮುಗಿಯಿತು, ಪೇರೆಂಟ್ 5ನ್ನು ಮುಚ್ಚಿತು, ಲಾಗರ್ ಕೂಡ ತಾನಾಗೇ ಮುಗಿಯಿತು. ಎರಡು ದಿನದ ತಲೆನೋವಿಗೆ ಒಂದು ಸಾಲಿನ ಮದ್ದು. ಎಲ್ಲರಿಗೂ ಥ್ಯಾಂಕ್ಸ್!

ಇಣುಕುನೋಟ | ಭಾನುವಾರ ರಾತ್ರಿ 9:18

ಸಂತೋಷ. ಇನ್ನೊಂದು ತುದಿ ಪರೀಕ್ಷೆ ಮಾಡಿದಿರಾ? ಪೇರೆಂಟ್ ಬರೆಯುತ್ತಿರುವಾಗಲೇ ಸಾರ್ಟ್ ಸತ್ತರೆ ಏನಾಗುತ್ತದೆ?

ಹೊಸಚಿಗುರು | ಭಾನುವಾರ ರಾತ್ರಿ 9:33

ಈಗ ಮಾಡಿದೆ. ಸಾಲುಗಳ ನಡುವೆ ಸ್ಲೀಪ್ ಹಾಕಿ, ಸಾರ್ಟನ್ನು ಕಿಲ್ ಮಾಡಿದೆ. ಪೇರೆಂಟ್ ಮಾತಿಲ್ಲದೆ ಸತ್ತಿತು. ಎರರ್ ಮೆಸೇಜೂ ಇಲ್ಲ. ಎಕ್ಸಿಟ್ ಕೋಡ್ 141 ಅಂತ ಬಂತು.

ಇಣುಕುನೋಟ | ಭಾನುವಾರ ರಾತ್ರಿ 9:37

ಸಿಗ್ನಲ್‌ನಿಂದ ಸತ್ತರೆ ಶೆಲ್ ತೋರಿಸುವ ಕೋಡ್ 128ಕ್ಕೆ ಸಿಗ್ನಲ್ ನಂಬರ್ ಸೇರಿಸಿದ್ದು. 128ಕ್ಕೆ 13 ಸೇರಿಸಿ. 13 ಅಂದರೆ ಸಿಗ್‌ಪೈಪ್. ಓದುವವರು ಯಾರೂ ಇಲ್ಲದ ಪೈಪ್‌ಗೆ ಬರೆದರೆ ಕರ್ನಲ್ ಕಳಿಸುವ ಸಿಗ್ನಲ್. ನೀವು ಪೇರೆಂಟ್‌ನಲ್ಲಿ ಮೊದಲ 3ನ್ನು ಮುಚ್ಚಿದ್ದು ಒಳ್ಳೆಯದಾಯಿತು. ಮರೆತಿದ್ದರೆ ಓದುವ ತುದಿ ನಿಮ್ಮ ಕೈಯಲ್ಲೇ ಇರುತ್ತಿತ್ತು, ಸಿಗ್ನಲ್ ಬರುತ್ತಿರಲಿಲ್ಲ. 65,536 ಬೈಟ್ ತುಂಬಿಸಿ ಅಲ್ಲೇ ಮಲಗುತ್ತಿತ್ತು. ಸಿಗ್‌ಪೈಪ್ ಅನ್ನು ಇಗ್ನೋರ್ ಮಾಡಿ, ರೈಟ್ ಏನು ಕೊಟ್ಟಿತು ಅಂತ ನೋಡಿ. ಇಪೈಪ್ ಅನ್ನುವ ಎರರ್ ಬರುತ್ತದೆ. ಸಾಕೆಟ್ ಆದರೆ ಸೆಂಡ್‌ಗೆ ನೋಸಿಗ್ನಲ್ ಫ್ಲಾಗ್ ಕೊಟ್ಟರೆ ಸಾಕು.

ಒಂದು ಜೋಪಾನ. ಇಗ್ನೋರ್ ಮಾಡಿದ ಸಿಗ್ನಲ್ ಎಕ್ಸೆಕ್ ದಾಟಿಯೂ ಇಗ್ನೋರ್ ಆಗೇ ಉಳಿಯುತ್ತದೆ. ಸಾರ್ಟ್ ಎಕ್ಸೆಕ್ ಮಾಡುವ ಮುಂಚೆ ಚೈಲ್ಡ್‌ನಲ್ಲಿ ಅದನ್ನು ಮೊದಲಿನಂತೆ ಮಾಡಿ.

ಹೊಸಚಿಗುರು | ಭಾನುವಾರ ರಾತ್ರಿ 9:41

ಎಫ್‌ಡಿ ಆಯಿತು, ಈಗ ಸಿಗ್ನಲ್ಲೂ ಪಿತ್ರಾರ್ಜಿತವಾ! ನಾಳೆ ನೋಡುತ್ತೇನೆ ಸರ್. ಅಪ್ಪ ಲೈಟ್ ಆರಿಸು ಅಂತಿದ್ದಾರೆ.